ಜೋಡಿ ಪೋರ್ಟುಗಳ ವೇಗವಿಚಾರ

ಮನೆಯ ಗೋಡೆಗೆ ಆತುಕೊಂಡು ಹಗಲಿರುಳೂ ದುಡಿಯುವ ರೌಟರನ್ನು ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಸಾಮಾನ್ಯವಾಗಿ ನಾಲ್ಕು ಲ್ಯಾನ್ ಪೋರ್ಟುಗಳು ಸಾಲಾಗಿರುತ್ತವೆ. ಅವುಗಳಲ್ಲಿ ಒಂದೆರಡಕ್ಕೆ ಮಾತ್ರ ಕೇಬಲ್ ಸೇರಿ, ಉಳಿದವು ಕೊಂಡ ದಿನದಿಂದ ಬರಿದಾಗಿಯೇ ಇರುವುದು ಬಹುಮಂದಿಯ ಮನೆಗಳಲ್ಲಿ ಕಾಣುವ ಸಂಗತಿ. ಕುಟುಂಬದ ಛಾಯಾಚಿತ್ರಗಳನ್ನೂ ವೀಡಿಯೊಗಳನ್ನೂ ಒಂದೆಡೆ ಕೂಡಿಡುವ ಸಲುವಾಗಿ, ಬಳಸುವವರು ‘ನ್ಯಾಸ್’ ಎಂದು ಕರೆಯುವ ಸಂಗ್ರಹಯಂತ್ರವೊಂದನ್ನು ತಂದ ಗೃಹಸ್ಥನು, ಅದರ ಹಿಂಬದಿಯಲ್ಲಿಯೂ ಎರಡು ಪೋರ್ಟುಗಳಿರುವುದನ್ನು ಕಂಡು, ಒಂದು ಕೇಬಲಿಗೆ ಬದಲಾಗಿ ಎರಡನ್ನು ಸಿಕ್ಕಿಸಿದರೆ ಕಡತಗಳು ಇಮ್ಮಡಿ ವೇಗದಿಂದ ಸಾಗಬೇಕಲ್ಲವೆ ಎಂದು ಯೋಚಿಸಿದರೆ ಅದು ಸಹಜವಾದುದೇ. ರೌಟರಿನ ಪೆಟ್ಟಿಗೆಯ ಮೇಲೆ ‘ಲಿಂಕ್ ಅಗ್ರಿಗೇಶನ್’ ಎಂಬ ಮಾತು ಅಚ್ಚಾಗಿದ್ದರೆ ಆ ನಿರೀಕ್ಷೆ ಮತ್ತಷ್ಟು ಬಲಿಯುತ್ತದೆ. ಈ ನಿರೀಕ್ಷೆಯಲ್ಲಿ ಸತ್ಯವೂ ಉಂಟು, ಭ್ರಾಂತಿಯೂ ಉಂಟು. ಅವೆರಡರ ನಡುವಣ ಗೆರೆ ಎಲ್ಲಿದೆಯೆಂಬುದನ್ನು ಅರಿಯದೆ ಹಣವನ್ನೂ ಹೊತ್ತನ್ನೂ ವ್ಯಯಿಸಿ, ಕೊನೆಗೆ ಯಂತ್ರವನ್ನು ದೂರುವವರು ಬಹಳ ಮಂದಿಯಾದುದರಿಂದ, ಈ ವಿಷಯವನ್ನು ಮೂಲದಿಂದಲೇ ವಿವರಿಸುವುದು ಉಚಿತವೆಂದು ತೋರುತ್ತದೆ.

ಮೊದಲು ಒಂದೇ ಕೇಬಲಿನ ಸಾಮರ್ಥ್ಯವನ್ನು ಅಳೆಯೋಣ. ಇಂದಿನ ಮನೆಗಳಲ್ಲಿ ಬಳಕೆಯಲ್ಲಿರುವ ಗಿಗಾಬಿಟ್ ಪೋರ್ಟು ಸೆಕೆಂಡಿಗೆ 100 ಕೋಟಿ ಬಿಟ್‌ಗಳನ್ನು ಸಾಗಿಸುತ್ತದೆ. ಎಂಟು ಬಿಟ್‌ಗಳಿಗೆ ಒಂದು ಬೈಟ್ ಆದುದರಿಂದ ಲೆಕ್ಕಕ್ಕೆ ಇದು 125 ಮೆಗಾಬೈಟ್ ಆಗಬೇಕು. ಆದರೆ ಕೇಬಲಿನಲ್ಲಿ ಹರಿಯುವುದೆಲ್ಲವೂ ನಮ್ಮ ಕಡತವಲ್ಲ. ಈಥರ್‌ನೆಟ್ ವ್ಯವಸ್ಥೆಯು ಮಾಹಿತಿಯನ್ನು ‘ಫ್ರೇಮ್’ಗಳೆಂಬ ತುಂಡುಗಳನ್ನಾಗಿ ಮಾಡಿ ಕಳುಹಿಸುತ್ತದೆ, 1500 ಬೈಟುಗಳ ಒಂದೊಂದು ಹೊರೆಗೂ ವಿಳಾಸ, ದೋಷಪರೀಕ್ಷೆಯ ಅಂಕ, ಮುನ್ಸೂಚನೆಯ ಸಂಕೇತ, ಎರಡು ಫ್ರೇಮ್‌ಗಳ ನಡುವೆ ಬಿಡತಕ್ಕ ವಿರಾಮ ಇವೆಲ್ಲ ಕೂಡಿ ಇನ್ನೂ 38 ಬೈಟುಗಳಷ್ಟು ಅವಕಾಶ ಬೇಕು, ಹೊರೆಯ ಒಳಗಡೆಯೂ ಟಿಸಿಪಿ ಮತ್ತು ಐಪಿ ಎಂಬ ಮೇಲ್ಪದರಗಳ ತಲೆಬರಹಕ್ಕೆ ಸಾಮಾನ್ಯವಾಗಿ 52 ಬೈಟುಗಳು ಸಲ್ಲುತ್ತವೆ. ಇಷ್ಟನ್ನೂ ಕಳೆದರೆ ಉಳಿಯುವುದು 941 ಮೆಗಾಬಿಟ್, ಅಂದರೆ ಸೆಕೆಂಡಿಗೆ ಸುಮಾರು 117 ಮೆಗಾಬೈಟ್. ಈ ಗತಿಯಲ್ಲಿ 100 ಗಿಗಾಬೈಟಿನ ಮದುವೆಯ ವೀಡಿಯೊ ಸಂಗ್ರಹವನ್ನು ಸಾಗಿಸಲು ಹದಿನಾಲ್ಕು ನಿಮಿಷಗಳೂ, ಒಂದು ಟೆರಾಬೈಟನ್ನು ಸಾಗಿಸಲು ಎರಡು ಗಂಟೆ ಇಪ್ಪತ್ತು ನಿಮಿಷಗಳಿಗೂ ಮೇಲ್ಪಟ್ಟ ಕಾಲವೂ ಬೇಕು. ತನ್ನ ಕಂಪ್ಯೂಟರಿನ ತೆರೆಯ ಮೇಲೆ 110ರಿಂದ 117ರ ನಡುವಿನ ಅಂಕವನ್ನು ಕಾಣುವವನ ಜಾಲವು ಸಂಪೂರ್ಣ ಆರೋಗ್ಯದಿಂದಿದೆಯೆಂದೇ ತಿಳಿಯತಕ್ಕದ್ದು.

ಅಂಕವು 11 ಅಥವಾ 12ರಲ್ಲಿಯೇ ನಿಂತುಬಿಟ್ಟಿದ್ದರೆ ಮಾತ್ರ ಪೋರ್ಟುಗಳನ್ನು ಜೋಡಿಸುವ ಯೋಚನೆಗೆ ಮುನ್ನ ಕೇಬಲನ್ನೇ ಪರೀಕ್ಷಿಸಬೇಕು. ಈಥರ್‌ನೆಟ್ ಕೇಬಲಿನ ಒಳಗೆ ಹೊಸೆದ ನಾಲ್ಕು ಜೋಡಿ ತಂತಿಗಳಿರುತ್ತವೆ. 1995ರಲ್ಲಿ ಬಂದ 100 ಮೆಗಾಬಿಟ್‌ನ ವ್ಯವಸ್ಥೆಗೆ ಇವುಗಳಲ್ಲಿ ಎರಡು ಜೋಡಿಗಳೇ ಸಾಕು. 1999ರ ಗಿಗಾಬಿಟ್ ವ್ಯವಸ್ಥೆಗೆ ನಾಲ್ಕೂ ಬೇಕು. ಒಂದು ಜೋಡಿ ಮುರಿದಿದ್ದರೆ, ಅಥವಾ ಕೇಬಲಿನ ತುದಿಗೆ ಪ್ಲಗ್ ಹಾಕಿದವರು ಎರಡೇ ಜೋಡಿಗಳನ್ನು ಸೇರಿಸಿದ್ದರೆ, ಪೋರ್ಟು ಯಾವ ದೂರನ್ನೂ ಹೇಳದೆ 100 ಮೆಗಾಬಿಟ್‌ಗೆ ಇಳಿದು ಕೆಲಸ ಮಾಡುತ್ತಲೇ ಇರುತ್ತದೆ. ಹೊಸ ಯಂತ್ರದಿಂದ ದೊರಕದಿದ್ದ ವೇಗವು ಹೊಸದೊಂದು ಕ್ಯಾಟ್-5ಇ ಕೇಬಲಿನಿಂದ ದೊರಕುವುದು ಅಪೂರ್ವವೇನಲ್ಲ.

ಆ ನಾಲ್ಕು ಜೋಡಿಗಳ ವಿಚಾರದಲ್ಲಿ ಇನ್ನೂ ಒಂದು ಗಮನಾರ್ಹವಾದ ಅಂಶವುಂಟು. ಗಿಗಾಬಿಟ್ ಈಥರ್‌ನೆಟ್ಟಿನಲ್ಲಿ ಒಂದೊಂದು ಜೋಡಿಯೂ ಸೆಕೆಂಡಿಗೆ 250 ಮೆಗಾಬಿಟ್‌ಗಳನ್ನು, ಅದೂ ಏಕಕಾಲದಲ್ಲಿ ಎರಡು ದಿಕ್ಕಿಗೂ, ಒಯ್ಯುತ್ತದೆ. ನಾಲ್ಕು ಕೂಡಿ ಸಾವಿರವಾಗುತ್ತದೆ. ಎಂದಮೇಲೆ, ಹಲವು ಕ್ಷೀಣವಾಹಿನಿಗಳನ್ನು ಒಂದುಗೂಡಿಸಿ ಪ್ರಬಲವಾಹಿನಿಯನ್ನಾಗಿ ಮಾಡುವ ಉಪಾಯವು ಒಂದೇ ಕೇಬಲಿನ ಒಳಗಡೆ ಆಗಲೇ ಸಿದ್ಧಿಸಿದೆ. ಅಲ್ಲಿ ಅದು ಪೂರ್ಣವಾಗಿ ಫಲಿಸುವುದಕ್ಕೆ ಕಾರಣವೇನೆಂದರೆ, ಪ್ರತಿಯೊಂದು ಬೈಟೂ ಹೊರಡುವ ಕ್ಷಣದಲ್ಲಿಯೇ ನಾಲ್ಕು ಜೋಡಿಗಳ ಮೇಲೆ ಹರಡಿಕೊಂಡು, ಎದುರು ತುದಿಯ ಚಿಪ್ಪು ಆ ನಾಲ್ಕರ ಸಣ್ಣಪುಟ್ಟ ಕಾಲವ್ಯತ್ಯಾಸವನ್ನು ಸರಿದೂಗಿಸಿ, ಅದೇ ಬೈಟನ್ನು ಮರಳಿ ಕಟ್ಟುತ್ತದೆ. ಮೇಲಿನ ಪದರಗಳಿಗೆ ಈ ವಿಭಜನೆಯ ಸುಳಿವೇ ಸಿಕ್ಕುವುದಿಲ್ಲ. ಎರಡು ಪ್ರತ್ಯೇಕ ಪೋರ್ಟುಗಳನ್ನು ಜೋಡಿಸುವಾಗ ಆಗುವುದು ಇದಲ್ಲ. ಅಲ್ಲಿ ಹಂಚಿಕೆಯ ಏಕಮಾನ ಬೈಟಲ್ಲ, ಇಡಿಯ ಫ್ರೇಮು. ಎರಡು ಜೋಡಣೆಗಳ ಫಲದಲ್ಲಿರುವ ಸಮಸ್ತ ಭೇದವೂ ಇದೊಂದರಿಂದಲೇ ಹುಟ್ಟಿದುದು.

ಪೋರ್ಟುಗಳನ್ನು ಜೋಡಿಸುವ ಆಲೋಚನೆಗೆ ಈಥರ್‌ನೆಟ್ಟಿನ ಬೆಳವಣಿಗೆಯ ರೀತಿಯೇ ಕಾರಣವಾಯಿತು. ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಎಂಬವರು ಕ್ಯಾಲಿಫೋರ್ನಿಯದಲ್ಲಿದ್ದ ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾಲಯದಲ್ಲಿ 1973ರಲ್ಲಿ ಆರಂಭಿಸಿದ ಈ ವ್ಯವಸ್ಥೆಯು ಮೊದಲಿಗೆ ಸೆಕೆಂಡಿಗೆ 2.94 ಮೆಗಾಬಿಟ್‌ಗಳನ್ನು ಒಯ್ಯುತ್ತಿತ್ತು. 1980ರ ವೇಳೆಗೆ ಅದು 10ಕ್ಕೆ ಏರಿತು. 1995ರಲ್ಲಿ 100, ಶತಮಾನದ ಕೊನೆಯಲ್ಲಿ 1000, 2002ರಲ್ಲಿ 10,000. ಹೀಗೆ 10ರಿಂದ ಮೇಲೆ ಪ್ರತಿಯೊಂದು ಮೆಟ್ಟಿಲೂ ಹಿಂದಿನದರ ಹತ್ತರಷ್ಟು ಎತ್ತರವಾಗಿದ್ದುದರಿಂದ, ಕೆಳಗಿನ ಮೆಟ್ಟಿಲು ಸಾಲದಾಗಿ ಮೇಲಿನದರ ಬೆಲೆ ಕೈಗೆಟುಕದಾಗಿ ನಡುವೆ ನಿಲ್ಲಬೇಕಾದ ಅವಧಿಯೊಂದು ಪ್ರತಿ ಬಾರಿಯೂ ಒದಗುತ್ತಿತ್ತು. ಆ ಅವಧಿಯನ್ನು ದಾಟಿಸುವ ಸಾಧನವಾಗಿ ಹುಟ್ಟಿದುದೇ ಪೋರ್ಟುಗಳ ಸಂಯೋಜನೆ, ಅಂದರೆ ಲಿಂಕ್ ಅಗ್ರಿಗೇಶನ್. ಭಾರತೀಯ ಮೂಲದ ಉದ್ಯಮಿ ವಿನೋದ್ ಭಾರದ್ವಾಜರು ಲ್ಯಾರಿ ಬ್ಲೇರ್ ಎಂಬವರೊಡನೆ ಕೂಡಿ ಸಿಲಿಕಾನ್ ಕಣಿವೆಯಲ್ಲಿ ಸ್ಥಾಪಿಸಿದ ‘ಕಲ್ಪನಾ’ ಎಂಬ ಕಂಪನಿಯು 1990ರ ಸುಮಾರಿಗೆ ಏಳು ಪೋರ್ಟುಗಳ ಈಥರ್‌ನೆಟ್ ಸ್ವಿಚ್ಚನ್ನು, ಅಂದರೆ ಫ್ರೇಮುಗಳನ್ನು ಒಂದು ಪೋರ್ಟಿನಿಂದ ಇನ್ನೊಂದಕ್ಕೆ ದಾಟಿಸುವ ಯಂತ್ರವನ್ನು, ಮಾರುಕಟ್ಟೆಗೆ ತಂದು, ಬಳಿಕ ಇಂತಹ ಸ್ವಿಚ್ಚುಗಳ ನಡುವೆ ಹಲವು ಕೇಬಲುಗಳನ್ನು ಒಂದಾಗಿ ನಡೆಸುವ ‘ಈಥರ್‌ಚಾನೆಲ್’ ಎಂಬ ವಿಧಾನವನ್ನೂ ರೂಪಿಸಿತು. 1994ರಲ್ಲಿ ಸಿಸ್ಕೊ ಆ ಕಂಪನಿಯನ್ನು ಕೊಂಡಿತು. ವಿಧಾನದ ಹೆಸರು ಸಿಸ್ಕೊ ಯಂತ್ರಗಳಲ್ಲಿ ಇಂದಿಗೂ ಉಳಿದಿದೆ.

ಅದೇ 1994ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಗೊಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಅವರು, ಅಂಗಡಿಯಲ್ಲಿ ಸಿಕ್ಕುವ ಸಾಮಾನ್ಯ ಬಿಡಿಭಾಗಗಳಿಂದಲೇ ಹದಿನಾರು ಪ್ರೊಸೆಸರುಗಳ ಗಣಕಸಮೂಹವೊಂದನ್ನು ಕಟ್ಟಿ ಅದಕ್ಕೆ ‘ಬಿಯೊವುಲ್ಫ್’ ಎಂದು ಹೆಸರಿಟ್ಟರು. ಅಂದಿನ ಪ್ರೊಸೆಸರುಗಳ ಶಕ್ತಿಗೆ 10 ಮೆಗಾಬಿಟ್‌ನ ಒಂದು ಕೇಬಲು ತೀರ ಅಲ್ಪವಾಗಿದ್ದುದರಿಂದ, ಬೆಕರ್ ಅವರು ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ಫ್ರೇಮ್‌ಗಳನ್ನು ಸರದಿಯಂತೆ ಒಂದಾದ ಮೇಲೊಂದು ಕೇಬಲಿಗೆ ಹಂಚುವ ವ್ಯವಸ್ಥೆಯನ್ನು ಸಿದ್ಧಪಡಿಸಿದರು. ಇಂದು ಮನೆಮನೆಗೆ ಬರುವ ಸಂಗ್ರಹಯಂತ್ರಗಳಲ್ಲಿ ಬಹುಪಾಲು ಲಿನಕ್ಸನ್ನೇ ಆಶ್ರಯಿಸಿರುವುದರಿಂದ, ಪೋರ್ಟುಗಳನ್ನು ಜೋಡಿಸುವ ಅವುಗಳ ‘ಬಾಂಡಿಂಗ್’ ಸೌಕರ್ಯದ ಬೇರು ಆ ವಿಜ್ಞಾನಿಗಳ ಮಿತವ್ಯಯದಲ್ಲಿದೆ ಎಂಬುದನ್ನು ನೆನೆಯುವುದು ನ್ಯಾಯ. ಒಬ್ಬೊಬ್ಬ ತಯಾರಕನೂ ತನ್ನದೇ ರೀತಿಯನ್ನು ಹಿಡಿದು ಒಬ್ಬನ ಯಂತ್ರ ಮತ್ತೊಬ್ಬನದರೊಡನೆ ಕೂಡದೆ ಹೋಗುತ್ತಿದ್ದ ತೊಡಕನ್ನು ನಿವಾರಿಸಲು ಐಇಇಇ ಸಂಸ್ಥೆಯು 2000ನೆಯ ಇಸವಿಯಲ್ಲಿ 802.3ಎಡಿ ಎಂಬ ಮಾನಕವನ್ನು ಅಂಗೀಕರಿಸಿತು. 2008ರಲ್ಲಿ ಅದು 802.1ಎಎಕ್ಸ್ ಎಂಬ ಹೊಸ ಅಂಕಿತವನ್ನು ಪಡೆಯಿತಾದರೂ ಯಂತ್ರಗಳ ನಿಯಂತ್ರಣ ಪುಟಗಳಲ್ಲಿ ಹಳೆಯ ಹೆಸರೇ ಈಗಲೂ ಹೆಚ್ಚಾಗಿ ಕಾಣುತ್ತದೆ.

ಇಲ್ಲಿ ಓದುಗರಿಗೆ ಒಂದು ಸಂದೇಹ ಹುಟ್ಟಬಹುದು: ಎರಡು ಕೇಬಲುಗಳನ್ನು ಸುಮ್ಮನೆ ಸಿಕ್ಕಿಸಿದರೆ ಸಾಲದೆ? ಅದಕ್ಕೆ ಮಾನಕವೇಕೆ, ಒಪ್ಪಂದವೇಕೆ? ಎರಡು ಸ್ವಿಚ್ಚುಗಳ ನಡುವೆ ಯಾವ ಸಿದ್ಧತೆಯೂ ಇಲ್ಲದೆ ಎರಡು ಕೇಬಲುಗಳನ್ನು ಹಾಕಿದರೆ ಅಲ್ಲೊಂದು ಸುತ್ತುದಾರಿ ಏರ್ಪಡುತ್ತದೆ. ಎಲ್ಲರಿಗೂ ಮುಟ್ಟಬೇಕಾದ ಸಾರ್ವತ್ರಿಕ ಫ್ರೇಮೊಂದು ಬಂದಾಗ ಸ್ವಿಚ್ಚು ಅದನ್ನು ಅದು ಬಂದ ಪೋರ್ಟನ್ನುಳಿದು ಮಿಕ್ಕೆಲ್ಲ ಪೋರ್ಟುಗಳಿಗೂ ಕಳುಹಿಸುವುದಷ್ಟೆ. ಆಗ ಮೊದಲ ಕೇಬಲಿನಿಂದ ಹೋದುದು ಎರಡನೆಯದರಿಂದ ಹಿಂದಿರುಗಿ, ಮತ್ತೆ ಮೊದಲನೆಯದನ್ನು ಸೇರಿ, ಕೊನೆಯಿಲ್ಲದೆ ತಿರುಗುತ್ತದೆ. ಐಪಿ ಪ್ಯಾಕೆಟಿಗಿರುವಂತೆ ಈಥರ್‌ನೆಟ್ ಫ್ರೇಮಿಗೆ ಆಯುಷ್ಯದ ಮಿತಿಯಿಲ್ಲವಾದುದರಿಂದ ಅದು ತಾನಾಗಿ ಅಳಿಯಲಾರದು. ಹೊಸವು ಬಂದು ಬಂದು ಸೇರಿ, ಕೆಲವೇ ಕ್ಷಣಗಳಲ್ಲಿ ಇಡೀ ಜಾಲವು ಉಸಿರುಕಟ್ಟಿ ನಿಲ್ಲುತ್ತದೆ. ಈ ಅನಾಹುತಕ್ಕೆ ಪರಿಹಾರವನ್ನು ಕಂಡವರು ರೇಡಿಯಾ ಪರ್ಲ್‌ಮನ್ ಎಂಬ ವಿದುಷಿ. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್ನಿನಲ್ಲಿದ್ದಾಗ 1985ರಲ್ಲಿ ಅವರು ರಚಿಸಿದ ‘ಸ್ಪ್ಯಾನಿಂಗ್ ಟ್ರೀ’ ಕ್ರಮವನ್ನು ಅನುಸರಿಸುವ ಸ್ವಿಚ್ಚುಗಳು ತಮ್ಮತಮ್ಮೊಳಗೆ ವಿಚಾರಿಸಿಕೊಂಡು, ಸುತ್ತುದಾರಿಯನ್ನುಂಟುಮಾಡುವ ಕೇಬಲನ್ನು ತಾವೇ ನಿಷ್ಕ್ರಿಯಗೊಳಿಸುತ್ತವೆ. ಜಾಲವು ಉಳಿಯುತ್ತದೆ, ದಿಟ. ಆದರೆ ನಾವು ಹಾಕಿದ ಎರಡನೆಯ ಕೇಬಲು ವ್ಯರ್ಥವಾಗಿ ಬಿದ್ದಿರುತ್ತದೆ. ಎರಡು ಕೇಬಲುಗಳನ್ನೂ ದುಡಿಸಬೇಕು, ಸುತ್ತುದಾರಿಯೂ ಹುಟ್ಟಬಾರದು ಎಂದಾದರೆ, ಅವೆರಡೂ ಒಂದೇ ಪೋರ್ಟೆಂಬಂತೆ ಎರಡು ಕಡೆಯ ಯಂತ್ರಗಳೂ ಭಾವಿಸಿ ನಡೆಯಬೇಕು. ಸಂಯೋಜನೆಯೆಂದರೆ ತತ್ತ್ವತಃ ಇಂತಹ ಒಪ್ಪಂದವೇ.

ಒಪ್ಪಂದವನ್ನು ನಡೆಸಿಕೊಡುವುದು ‘ಎಲ್‌ಎಸಿಪಿ’ ಎಂಬ ನಿಯಮಾವಳಿ. ಗುಂಪಿಗೆ ಸೇರಬೇಕಾದ ಪ್ರತಿಯೊಂದು ಪೋರ್ಟೂ ತಾನು ಯಾರು, ಯಾವ ಯಂತ್ರಕ್ಕೆ ಸೇರಿದುದು, ಎದುರಿನವರನ್ನು ಯಾರೆಂದು ತಿಳಿದಿದೆ ಎಂಬಿಷ್ಟನ್ನು ಸಣ್ಣ ಫ್ರೇಮೊಂದರಲ್ಲಿ ಬರೆದು ಸೆಕೆಂಡಿಗೊಮ್ಮೆ, ಅಥವಾ ಮಂದಗತಿಯ ಕ್ರಮದಲ್ಲಿ 30 ಸೆಕೆಂಡಿಗೊಮ್ಮೆ, ಎದುರು ಪೋರ್ಟಿಗೆ ತಿಳಿಸುತ್ತಿರುತ್ತದೆ; ಮೂರು ಬಾರಿ ಸಮಾಚಾರ ಬಾರದೆ ಹೋದರೆ ಆ ಕೇಬಲನ್ನು ಗುಂಪಿನಿಂದ ಕೈಬಿಡಲಾಗುತ್ತದೆ. ಕೇಬಲು ಕಿತ್ತುಬಂದರೆ ಪೋರ್ಟಿನ ದೀಪವೇ ಆರಿಹೋಗುವುದರಿಂದ ಅದನ್ನು ಅರಿಯಲು ಈ ಸಂಭಾಷಣೆ ಬೇಕಾಗದು. ದೀಪ ಉರಿಯುತ್ತಿದ್ದರೂ ದಾರಿ ಕೆಟ್ಟಿರುವ ಸಂದರ್ಭದಲ್ಲಿ, ಇಲ್ಲವೆ ಒಂದು ಕೇಬಲು ಕಣ್ತಪ್ಪಿನಿಂದ ಮತ್ತಾವುದೋ ಯಂತ್ರಕ್ಕೆ ಸೇರಿಬಿಟ್ಟಿರುವ ಸಂದರ್ಭದಲ್ಲಿ, ಇದರ ಬೆಲೆ ಗೊತ್ತಾಗುತ್ತದೆ. ಗುಂಪಿನ ಕೇಬಲುಗಳೆಲ್ಲ ಸಮಾನ ವೇಗದವಾಗಿರಬೇಕೆಂಬ ನಿಯಮವೂ ಉಂಟು. ಒಂದು ಜೋಡಿ ಮುರಿದು 100 ಮೆಗಾಬಿಟ್‌ಗೆ ಇಳಿದ ಕೇಬಲು ಗಿಗಾಬಿಟ್ ಕೇಬಲಿನ ಜೊತೆಗೆ ನಿಲ್ಲಲಾರದು.

ಇನ್ನು ವಿಷಯದ ಹೃದಯಕ್ಕೆ ಬರೋಣ. ಎರಡು ಕೇಬಲುಗಳು ಒಂದಾಗಿ ನಿಂತ ಮೇಲೆ, ಹೊರಡಲಿರುವ ಒಂದೊಂದು ಫ್ರೇಮನ್ನೂ ಯಾವ ಕೇಬಲಿಗೆ ಹಾಕಬೇಕು? ಒಂದನ್ನು ಇದಕ್ಕೆ, ಮುಂದಿನದನ್ನು ಅದಕ್ಕೆ ಎಂದು ಸರದಿಯಂತೆ ಹಂಚುವುದೇ ಸರಳವೂ ಸಮವೂ ಆದ ಕ್ರಮವೆಂದು ಯಾರಿಗಾದರೂ ತೋರುತ್ತದೆ. ಬಿಯೊವುಲ್ಫ್ ಗಣಕಸಮೂಹದಲ್ಲಿ ಮಾಡಿದುದೂ ಅದನ್ನೇ. ಆದರೆ ಗ್ರಂಥವೊಂದರ ಹಸ್ತಪ್ರತಿಯ ಹಾಳೆಗಳನ್ನು ಒಂದು ಬಿಟ್ಟು ಒಂದರಂತೆ ಇಬ್ಬರು ಓಲೆಕಾರರ ಕೈಗೆ ಕೊಟ್ಟು ಬೇರೆಬೇರೆ ದಾರಿಯಿಂದ ಅಚ್ಚುಕೂಟಕ್ಕೆ ಅಟ್ಟಿದರೆ, ಇಬ್ಬರಲ್ಲಿ ಒಬ್ಬನು ತುಸು ತಡೆದು ಬಂದರೂ ಅಲ್ಲಿ ಮೊಳೆ ಜೋಡಿಸುವವನಿಗೆ ಆರನೆಯ ಹಾಳೆಗಿಂತ ಮೊದಲು ಏಳು, ಒಂಬತ್ತು, ಹನ್ನೊಂದು ಸಿಕ್ಕಿ ಆತನು ಆರನೆಯದು ಕಳೆದೇಹೋಯಿತೆಂದು ಹೇಳಿಕಳುಹಿಸುವಂತೆ, ಇಲ್ಲಿಯೂ ಆಗುತ್ತದೆ. ಟಿಸಿಪಿ ವ್ಯವಸ್ಥೆಯಲ್ಲಿ ನಿರೀಕ್ಷಿತ ತುಂಡಿಗೆ ಬದಲಾಗಿ ಮುಂದಿನ ತುಂಡುಗಳು ಬಂದಾಗಲೆಲ್ಲ ಸ್ವೀಕರಿಸುವ ಯಂತ್ರವು ಹಳೆಯ ಸ್ವೀಕೃತಿಯನ್ನೇ ಪುನರುಚ್ಚರಿಸುತ್ತದೆ. ಅಂತಹ ಪುನರುಕ್ತಿ ಮೂರು ಬಾರಿ ಬಂದೊಡನೆ ಕಳುಹಿಸುವ ಯಂತ್ರವು ತುಂಡು ನಷ್ಟವಾಯಿತೆಂದು ಬಗೆದು, ಅದನ್ನು ಮತ್ತೊಮ್ಮೆ ಕಳುಹಿಸುವುದಲ್ಲದೆ, ದಾರಿಯಲ್ಲಿ ದಟ್ಟಣೆಯಿರಬೇಕೆಂಬ ಎಣಿಕೆಯಿಂದ ತನ್ನ ಗತಿಯನ್ನೂ ಕುಗ್ಗಿಸುತ್ತದೆ. ಹೀಗಾಗಿ ಎರಡು ಕೇಬಲುಗಳ ಮೇಲೆ ಸರದಿ ಹಂಚಿಕೆ ಮಾಡಿದವನಿಗೆ ಎರಡರಷ್ಟು ಫಲ ದೊರೆಯುವುದು ದುರ್ಲಭ. ಕ್ರಮಭಂಗವು ಹೆಚ್ಚಿದಾಗ ಒಂದೇ ಕೇಬಲಿನ ಗತಿಗಿಂತ ಕಡಿಮೆಯಾದರೂ ಆಶ್ಚರ್ಯವಿಲ್ಲ.

ಈಥರ್‌ನೆಟ್ ಮೊದಲಿನಿಂದಲೂ ತನ್ನನ್ನು ನಂಬಿದವರಿಗೆ ಕೊಟ್ಟ ಭಾಷೆಗಳಲ್ಲಿ ಒಂದು, ಕಳುಹಿಸಿದ ಕ್ರಮದಲ್ಲಿಯೇ ತಲುಪಿಸುತ್ತೇನೆಂಬುದು. 2000ನೆಯ ಇಸವಿಯ ಮಾನಕವನ್ನು ಬರೆದವರು ಈ ಭಾಷೆಯನ್ನು ಮುರಿಯಲು ಒಪ್ಪಲಿಲ್ಲ. ಪರಸ್ಪರ ಸಂಬಂಧವಿರುವ ಫ್ರೇಮ್‌ಗಳ ಧಾರೆಯೊಂದನ್ನು ಅವರು ‘ಸಂಭಾಷಣೆ’ಯೆಂದು ಎಣಿಸಿ, ಒಂದು ಸಂಭಾಷಣೆಗೆ ಸೇರಿದ ಫ್ರೇಮ್‌ಗಳೆಲ್ಲ ಒಂದೇ ಕೇಬಲಿನಲ್ಲಿ ಹೋಗಬೇಕೆಂದು ವಿಧಿಸಿದರು; ಸಂಭಾಷಣೆಯನ್ನು ಒಂದು ಕೇಬಲಿನಿಂದ ಇನ್ನೊಂದಕ್ಕೆ ವರ್ಗಾಯಿಸಬೇಕಾಗಿ ಬಂದರೆ, ಮೊದಲಿನ ಕೇಬಲಿನಲ್ಲಿ ಹೊರಟವೆಲ್ಲ ತಲುಪಿದುವೆಂದು ಖಚಿತಪಡಿಸಿಕೊಳ್ಳುವುದಕ್ಕಾಗಿ ಗುರುತಿನ ಫ್ರೇಮೊಂದನ್ನು ಕಳುಹಿಸುವ ಏರ್ಪಾಡನ್ನೂ ಮಾಡಿದರು. ವೇಗಕ್ಕಿಂತ ಕ್ರಮವನ್ನು ಮೇಲೆಂದು ಭಾವಿಸಿದ ಈ ನಿರ್ಣಯವು ಅತ್ಯಂತ ವಿವೇಕದ್ದೆಂದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಕ್ರಮವನ್ನು ನೆಚ್ಚಿ ಬರೆದ ಅಸಂಖ್ಯ ತಂತ್ರಾಂಶಗಳು ಇದರಿಂದಾಗಿ ಒಂದಕ್ಷರವನ್ನೂ ಬದಲಿಸಿಕೊಳ್ಳದೆ ಹೊಸ ವ್ಯವಸ್ಥೆಯಲ್ಲಿ ನಡೆದುಕೊಂಡು ಬಂದುವು. ಆದರೆ ಅದರ ಪರಿಣಾಮವನ್ನು ಗೃಹಸ್ಥನು ಅರಿತಿರಬೇಕು: ಒಂದು ಕಂಪ್ಯೂಟರು ಒಂದು ಸಂಗ್ರಹಯಂತ್ರದಿಂದ ಒಂದು ಕಡತವನ್ನು ಪಡೆಯುವುದು ಒಂದೇ ಸಂಭಾಷಣೆ, ಅದು ಒಂದೇ ಕೇಬಲಿನಲ್ಲಿ ಸಾಗುವುದು, ಅದರ ವೇಗವು ಆ 117 ಮೆಗಾಬೈಟನ್ನು ಮೀರದು, ಪಕ್ಕದ ಕೇಬಲು ಸಂಪೂರ್ಣ ಬಿಡುವಾಗಿದ್ದರೂ ಮೀರದು.

ಯಾವ ಸಂಭಾಷಣೆ ಯಾವ ಕೇಬಲಿಗೆ ಎಂಬುದನ್ನು ಯಂತ್ರವು ದಟ್ಟಣೆಯನ್ನು ನೋಡಿ ನಿಶ್ಚಯಿಸುತ್ತದೆಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಅದು ವಿಳಾಸದ ಮೇಲೆ ನಡೆಯುವ ಒಂದು ಸಣ್ಣ ಗಣಿತ. ಪ್ರತಿಯೊಂದು ಜಾಲಯಂತ್ರಕ್ಕೂ 48 ಬಿಟ್‌ಗಳ ಮ್ಯಾಕ್ ವಿಳಾಸವಿರುತ್ತದೆಯಷ್ಟೆ. ಲಿನಕ್ಸಿನ ಸಾಮಾನ್ಯ ಕ್ರಮದಲ್ಲಿ ಕಳುಹಿಸುವವನ ಮತ್ತು ಪಡೆಯುವವನ ವಿಳಾಸಗಳ ಕೊನೆಯ ಬೈಟುಗಳನ್ನು ಒಂದು ವಿಶಿಷ್ಟ ರೀತಿಯಲ್ಲಿ ಕೂಡಿಸಿ, ಬಂದುದನ್ನು ಕೇಬಲುಗಳ ಸಂಖ್ಯೆಯಿಂದ ಭಾಗಿಸಿ, ಶೇಷವನ್ನು ನೋಡಲಾಗುತ್ತದೆ. ಕೇಬಲುಗಳು ಎರಡೇ ಆಗಿದ್ದರೆ ಈ ಲೆಕ್ಕವು ಸಮ ಬೆಸಗಳ ವಿಚಾರವಾಗಿ ಪರಿಣಮಿಸುತ್ತದೆ: ಮನೆಯಲ್ಲಿ ಎರಡು ಕಂಪ್ಯೂಟರುಗಳಿದ್ದು, ಎರಡರ ವಿಳಾಸವೂ ಸಮಸಂಖ್ಯೆಯಲ್ಲಿ ಕೊನೆಗೊಂಡರೆ, ಅವೆರಡಕ್ಕೂ ಒಂದೇ ಕೇಬಲು ಗೊತ್ತಾಗಿ, ಎರಡೂ ಅದರಲ್ಲಿಯೇ ನೂಕಾಡುತ್ತವೆ. ಒಂದು ಸಮವಾಗಿ ಮತ್ತೊಂದು ಬೆಸವಾದರೆ ಮಾತ್ರ ಒಂದೊಂದಕ್ಕೆ ಒಂದೊಂದು ಕೇಬಲು ದೊರಕುತ್ತದೆ. ಇಬ್ಬರೇ ಬಳಕೆದಾರರಿರುವಲ್ಲಿ ಸಂಯೋಜನೆಯ ಫಲ ದೊರಕುವ ಸಂಭವ ಅರ್ಧಕ್ಕರ್ಧ. ನಾಲ್ವರಿದ್ದರೆ ಎಲ್ಲರೂ ಒಂದೇ ಕೇಬಲಿಗೆ ಬೀಳುವ ಸಂಭವ ಎಂಟರಲ್ಲಿ ಒಂದಕ್ಕೆ ಇಳಿಯುತ್ತದೆ. ಬಳಸುವವರು ಹೆಚ್ಚಿದಷ್ಟೂ ಹಂಚಿಕೆ ಸಮವಾಗುತ್ತ ಹೋಗುವುದರಿಂದಲೇ, ನೂರಾರು ಮಂದಿಯಿರುವ ಕಚೇರಿಯಲ್ಲಿ ಕಣ್ಣಿಗೆ ಕಾಣುವಂತೆ ಫಲಿಸುವ ಈ ಉಪಾಯವು ಸಣ್ಣ ಸಂಸಾರದಲ್ಲಿ ಕೈಕೊಡುತ್ತದೆ.

ಇದರಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಒಂದೊಂದು ಯಂತ್ರವೂ ತಾನು ಕಳುಹಿಸುವ ಫ್ರೇಮ್‌ಗಳಿಗೆ ಮಾತ್ರ ಕೇಬಲನ್ನು ಆರಿಸಬಲ್ಲುದು. ಸಂಗ್ರಹಯಂತ್ರದಿಂದ ಓದುವಾಗ ಹಂಚಿಕೆ ಸಂಗ್ರಹಯಂತ್ರದ ಕೈಯಲ್ಲಿದೆ; ಅದಕ್ಕೆ ಬರೆಯುವಾಗ ರೌಟರಿನ ಕೈಯಲ್ಲಿದೆ. ಸಂಗ್ರಹಯಂತ್ರದಲ್ಲಿ ಎಷ್ಟೇ ಉತ್ತಮವಾದ ಕ್ರಮವನ್ನು ಆರಿಸಿಕೊಂಡರೂ, ಗೃಹಬಳಕೆಯ ರೌಟರುಗಳಲ್ಲಿ ಆ ಆಯ್ಕೆ ಸಾಮಾನ್ಯವಾಗಿ ನಮ್ಮದಾಗಿರುವುದಿಲ್ಲವಾದುದರಿಂದ, ಓದುವ ವೇಗವೊಂದು, ಬರೆಯುವ ವೇಗವೊಂದು ಆಗುವುದುಂಟು. ಮ್ಯಾಕ್ ವಿಳಾಸಕ್ಕೆ ಬದಲಾಗಿ ಐಪಿ ವಿಳಾಸವನ್ನೂ ಟಿಸಿಪಿಯ ಪೋರ್ಟ್ ಸಂಖ್ಯೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಕ್ರಮವೂ ಉಂಟು. ಆಗ ಒಂದೇ ಕಂಪ್ಯೂಟರು ಹೂಡಿದ ಬೇರೆಬೇರೆ ಸಂಪರ್ಕಗಳು ಬೇರೆಬೇರೆ ಕೇಬಲುಗಳಿಗೆ ಹಂಚಿಹೋಗುವ ಅವಕಾಶವಿದೆ. ತುಂಡರಿಸಿದ ಪ್ಯಾಕೆಟುಗಳಲ್ಲಿ ಆ ಸಂಖ್ಯೆ ಸಿಕ್ಕದೆ ಕ್ರಮ ತಪ್ಪಬಹುದಾದುದರಿಂದ ಈ ವಿಧಾನವು ಮಾನಕವನ್ನು ಪೂರ್ಣವಾಗಿ ಪಾಲಿಸುವುದಿಲ್ಲವೆಂದು ಲಿನಕ್ಸಿನ ಕೈಪಿಡಿಯೇ ಎಚ್ಚರಿಸುತ್ತದೆ. ಮನೆಯ ಬಳಕೆಗೆ ಅದರಿಂದ ಬಾಧಕ ಕಡಿಮೆ.

ಹಾಗಾದರೆ ಈ ಸಂಯೋಜನೆ ಯಾರಿಗೆ ಒಳ್ಳೆಯದು? ಒಂದು ಮನೆಯಲ್ಲಿ ಒಬ್ಬರು ವೀಡಿಯೊ ಸಂಕಲನ ಮಾಡುತ್ತಿರುವಾಗ ಇನ್ನೊಬ್ಬರ ಕಂಪ್ಯೂಟರಿನ ಬ್ಯಾಕಪ್ ನಡೆಯುತ್ತ, ಟಿವಿಯು ಚಲನಚಿತ್ರವನ್ನು ಅದೇ ಸಂಗ್ರಹಯಂತ್ರದಿಂದ ಪಡೆಯುತ್ತ, ನಾಲ್ಕಾರು ಫೋನುಗಳು ವೈಫೈ ಮೂಲಕ ಚಿತ್ರಗಳನ್ನು ಅದಕ್ಕೆ ಏರಿಸುತ್ತ ಇರುವುದಾದರೆ, ಅಂತಹ ಮನೆಗೆ ಇದು ನಿಜವಾಗಿಯೂ ಉಪಕಾರಿ. ಯಾವ ಒಬ್ಬರ ವೇಗವೂ ಒಂದು ಕೇಬಲನ್ನು ಮೀರದಿದ್ದರೂ, ಒಬ್ಬರಿಂದ ಇನ್ನೊಬ್ಬರಿಗೆ ಆಗುತ್ತಿದ್ದ ತಡೆ ತಗ್ಗುತ್ತದೆ. ಇಂಟರ್‌ನೆಟ್ ವೇಗವನ್ನು ಹೆಚ್ಚಿಸಿಕೊಳ್ಳಬೇಕೆಂದು ಲ್ಯಾನ್ ಪೋರ್ಟುಗಳನ್ನು ಜೋಡಿಸುವವನಿಗೆ ಮಾತ್ರ ಯಾವ ಪ್ರಯೋಜನವೂ ಇಲ್ಲ. ಹೊರಗಿನಿಂದ ಬರುವ ಫೈಬರ್ ಸಂಪರ್ಕವು 100 ಅಥವಾ 300 ಮೆಗಾಬಿಟ್‌ನದಾಗಿದ್ದರೆ ಒಳಗಿನ ಒಂದು ಗಿಗಾಬಿಟ್ ಕೇಬಲೇ ಅದಕ್ಕೆ ಹಲವು ಪಟ್ಟು ಹೆಚ್ಚು. ಹೊರಗಿನ ಕಡೆಯ ಪೋರ್ಟನ್ನೂ ಜೋಡಿಸಲು ಬರುವ ರೌಟರುಗಳಿವೆ; ಅಮೆರಿಕದ ಕೇಬಲ್ ಸಂಪರ್ಕಗಳಲ್ಲಿ ಗಿಗಾಬಿಟ್ಟನ್ನು ಮೀರಿದ ಸೇವೆ ಬಂದಾಗ ಎರಡು ಪೋರ್ಟುಗಳ ಮೋಡೆಮುಗಳೂ ಬಂದುವು. ಅದು ಫಲಿಸಬೇಕಾದರೆ ಸೇವೆ ಒದಗಿಸುವವರ ಪೆಟ್ಟಿಗೆಯಲ್ಲಿಯೂ ಅದೇ ಸೌಕರ್ಯವಿರಬೇಕು. ನಮ್ಮಲ್ಲಿ ಮನೆಗಳಿಗೆ ಕೊಡುವ ಫೈಬರ್ ಪೆಟ್ಟಿಗೆಗಳಲ್ಲಿ ಹೆಚ್ಚಿನವುಗಳಲ್ಲಿ ಅದಿಲ್ಲ. ಎರಡು ಬೇರೆಬೇರೆ ಸೇವಾಸಂಸ್ಥೆಗಳ ಸಂಪರ್ಕವನ್ನು ಒಂದೇ ರೌಟರಿಗೆ ತರುವುದು ಇದಕ್ಕೆ ಸಂಬಂಧಿಸಿದುದಲ್ಲ. ಅದು ‘ಡ್ಯುಯಲ್ ವ್ಯಾನ್’ ಎಂಬ ಪ್ರತ್ಯೇಕ ವ್ಯವಸ್ಥೆ.

ಡಿಸ್ಕಿನ ವೇಗವನ್ನೂ ಮರೆಯುವಂತಿಲ್ಲ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕು ದೊಡ್ಡ ಕಡತವನ್ನು ಒಂದೇ ಸಮನೆ ಓದುವಾಗ ಸೆಕೆಂಡಿಗೆ 150ರಿಂದ 250 ಮೆಗಾಬೈಟ್ ಕೊಡಬಲ್ಲುದಾದರೂ, ಚದುರಿಕೊಂಡಿರುವ ಸಾವಿರಾರು ಸಣ್ಣ ಚಿತ್ರಗಳನ್ನು ಓದುವಾಗ ಅದರ ತಲೆಯು ಒಂದೊಂದಕ್ಕೂ ಸ್ಥಾನವನ್ನು ಹುಡುಕಿ, ಒಂದು ಸುತ್ತಿಗೆ 8.3 ಮಿಲಿಸೆಕೆಂಡು ಹಿಡಿಯುವ ತಟ್ಟೆಯು ತಿರುಗಿ ಬರುವವರೆಗೆ ಕಾಯಬೇಕಾಗುತ್ತದೆ; ಅಲ್ಲಿ ವೇಗವು ಕೆಲವೇ ಮೆಗಾಬೈಟುಗಳಿಗೆ ಕುಸಿದಾಗ ಕೇಬಲು ಒಂದಾದರೇನು, ನಾಲ್ಕಾದರೇನು?

ಒಬ್ಬನೇ ಬಳಕೆದಾರನಿಗೆ, ಒಂದೇ ಕಡತಕ್ಕೆ, ವೇಗ ಬೇಕೆಂದಾದರೆ ಬೇರೆ ದಾರಿಗಳಿವೆ. 2012ರಲ್ಲಿ ವಿಂಡೋಸ್ 8ರೊಡನೆ ಬಂದ ‘ಎಸ್‌ಎಂಬಿ ಮಲ್ಟಿಚಾನೆಲ್’ ಎಂಬ ವಿಧಾನದಲ್ಲಿ ಕಡತವನ್ನು ಹಂಚಿಕೊಡುವ ತಂತ್ರಾಂಶವೇ ಎರಡು ಕೇಬಲುಗಳ ಮೇಲೆ ಪ್ರತ್ಯೇಕ ಸಂಪರ್ಕಗಳನ್ನು ಹೂಡಿ, ಕಡತದ ಭಾಗಗಳನ್ನು ಎರಡರಲ್ಲಿಯೂ ತರಿಸಿ, ತಾನೇ ಜೋಡಿಸಿಕೊಳ್ಳುತ್ತದೆ. ಕ್ರಮದ ಹೊಣೆಯನ್ನು ಮೇಲಿನ ಪದರವು ವಹಿಸಿಕೊಂಡುದರಿಂದ ಇಲ್ಲಿ ಕೆಳಗಿನ ಪದರದ ನಿಯಮ ಅಡ್ಡಬರುವುದಿಲ್ಲ. ಲಿನಕ್ಸಿನ ಪಾಲಿಗೆ ಇದೇ ಕೆಲಸವನ್ನು ಮಾಡುವ ಸಾಂಬಾ ತಂತ್ರಾಂಶದಲ್ಲಿಯೂ 2021ರ 4.15ನೆಯ ಆವೃತ್ತಿಯಿಂದ ಇದು ತಾನಾಗಿಯೇ ಚಾಲ್ತಿಯಲ್ಲಿರುತ್ತದೆ. ಆದರೆ ಇದಕ್ಕೆ ಎರಡು ಪೋರ್ಟುಗಳನ್ನು ಜೋಡಿಸದೆ, ಒಂದೊಂದಕ್ಕೆ ಒಂದೊಂದು ಐಪಿ ವಿಳಾಸ ಕೊಟ್ಟು ಬಿಡಿಯಾಗಿಯೇ ಇರಗೊಡಬೇಕು. ಕಂಪ್ಯೂಟರಿನ ಕಡೆಯಲ್ಲಿಯೂ ಎರಡು ಗಿಗಾಬಿಟ್ ಪೋರ್ಟುಗಳೋ ಅದಕ್ಕಿಂತ ವೇಗದ ಒಂದು ಪೋರ್ಟೋ ಇರಬೇಕು. ಕಂಪ್ಯೂಟರಿಗೆ ಗಿಗಾಬಿಟ್ಟಿನ ಒಂದೇ ಬಾಗಿಲಿದ್ದು ಸಂಗ್ರಹಯಂತ್ರಕ್ಕೆ ಮಾತ್ರ ಎರಡು ಬಾಗಿಲು ತೆರೆದವನಿಗೆ ಯಾವ ವಿಧಾನದಿಂದಲೂ ಹೆಚ್ಚಿನ ವೇಗ ಬರಲಾರದು. ಎರಡನೆಯ ದಾರಿ, 2016ರಲ್ಲಿ 802.3ಬಿಜೆಡ್ ಎಂಬ ಮಾನಕದಿಂದ ಬಂದ 2.5 ಗಿಗಾಬಿಟ್ ಪೋರ್ಟು. ವೈಫೈ ಯಂತ್ರಗಳ ಸಾಮರ್ಥ್ಯವು ಗಿಗಾಬಿಟ್ಟನ್ನು ದಾಟಿದಾಗ, ಕಟ್ಟಡಗಳ ಗೋಡೆಯೊಳಗೆ ಹೂತಿದ್ದ ಹಳೆಯ ಕೇಬಲುಗಳನ್ನು ಕಿತ್ತುಹಾಕದೆಯೇ ವೇಗವನ್ನು ಹೆಚ್ಚಿಸುವ ಅವಶ್ಯಕತೆಯಿಂದ ಇದು ಹುಟ್ಟಿತು. ಸಾಧಾರಣವಾದ ಕ್ಯಾಟ್-5ಇ ಕೇಬಲಿನಲ್ಲಿಯೇ 100 ಮೀಟರಿನವರೆಗೆ ಇದು ನಡೆಯುತ್ತದೆ. ಹತ್ತರಷ್ಟು ಎತ್ತರದ ಮೆಟ್ಟಿಲುಗಳ ನಡುವೆ ಸಣ್ಣದೊಂದು ಮೆಟ್ಟಿಲು ಕೊನೆಗೂ ದೊರಕಿದಂತಾಯಿತು. ಹೊಸದಾಗಿ ಕೊಳ್ಳುವವರಿಗೆ, ಎರಡು ಗಿಗಾಬಿಟ್ ಪೋರ್ಟುಗಳ ಜೋಡಣೆಗಿಂತ ಒಂದೇ 2.5 ಗಿಗಾಬಿಟ್ ಪೋರ್ಟುಳ್ಳ ರೌಟರನ್ನೂ ಸಂಗ್ರಹಯಂತ್ರವನ್ನೂ ಆರಿಸಿಕೊಳ್ಳಿರೆಂದು ನಾನು ನಿಸ್ಸಂಕೋಚವಾಗಿ ಹೇಳುವೆನು. ಅಲ್ಲಿ ಸಮ ಬೆಸದ ಅದೃಷ್ಟವಿಲ್ಲ, ಒಪ್ಪಂದದ ತೊಡಕಿಲ್ಲ, ಒಂದು ಸಂಭಾಷಣೆಗೆ ಪೂರ್ಣ ಸಾಮರ್ಥ್ಯವೂ ಲಭ್ಯ.

ಆದರೂ ಜೋಡಿ ಪೋರ್ಟುಗಳ ಸೌಕರ್ಯವಿರುವ ಯಂತ್ರಗಳು ಈಗಾಗಲೇ ಮನೆಯಲ್ಲಿದ್ದರೆ ಅದನ್ನು ಬಳಸದೆ ಬಿಡಲು ಕಾರಣವಿಲ್ಲ. ಮೊದಲು ಒಂದೇ ಕೇಬಲನ್ನು ಇಟ್ಟುಕೊಂಡು ರೌಟರಿನ ನಿಯಂತ್ರಣ ಪುಟದಲ್ಲಿ ಲಿಂಕ್ ಅಗ್ರಿಗೇಶನ್ ಎಂಬುದನ್ನು ಚಾಲೂ ಮಾಡಬೇಕು. ಗೃಹಬಳಕೆಯ ರೌಟರುಗಳಲ್ಲಿ ಜೋಡಿಸಲು ಬರುವುದು ಸಾಮಾನ್ಯವಾಗಿ ತಯಾರಕರು ಗೊತ್ತುಮಾಡಿದ ಎರಡು ಪೋರ್ಟುಗಳನ್ನು ಮಾತ್ರವಾದುದರಿಂದ, ಅವು ಯಾವುವೆಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳುವುದು ಅಗತ್ಯ. ಬಳಿಕ ಸಂಗ್ರಹಯಂತ್ರದ ಪುಟದಲ್ಲಿ 802.3ಎಡಿ ಎಂಬ ಕ್ರಮವನ್ನೇ ಆರಿಸಿ, ಅನಂತರ ಎರಡನೆಯ ಕೇಬಲನ್ನು ಸೇರಿಸತಕ್ಕದ್ದು. ರೌಟರಿನಲ್ಲಿ ಈ ಸೌಕರ್ಯವೇ ಇಲ್ಲವಾದರೆ, ಎದುರು ಯಂತ್ರದ ಸಹಕಾರವನ್ನು ಬೇಡದ ‘ಆಕ್ಟಿವ್ ಬ್ಯಾಕಪ್’ ಎಂಬ ಕ್ರಮವು ಲಿನಕ್ಸಿನಲ್ಲಿದೆ. ಅದರಿಂದ ವೇಗ ಬಾರದಿದ್ದರೂ ರಕ್ಷಣೆ ಬರುತ್ತದೆ. ಆ ರಕ್ಷಣೆಯು ಸಂಯೋಜನೆಯ ಫಲಗಳಲ್ಲಿ ಅತ್ಯಂತ ನಿಶ್ಚಿತವಾದುದು: ಒಂದು ಕೇಬಲು ಸಡಿಲವಾದರೂ, ಒಂದು ಪೋರ್ಟು ಸಿಡಿಲಿಗೆ ಸುಟ್ಟರೂ, ಕೆಲಸ ನಿಲ್ಲದು.

ಇದನ್ನು ನಂಬಿ ಕುಳಿತುಕೊಳ್ಳದೆ ಪರೀಕ್ಷಿಸಿಯೇ ನೋಡಬೇಕು. ದೊಡ್ಡ ಕಡತವೊಂದರ ಪ್ರತಿ ಮಾಡುವುದನ್ನು ಆರಂಭಿಸಿ, ನಡುವೆ ಒಂದು ಕೇಬಲನ್ನು ಎಳೆದುಬಿಟ್ಟರೆ, ವೇಗವು ಕ್ಷಣಕಾಲ ತಗ್ಗಿ ಮತ್ತೆ ಚೇತರಿಸಿಕೊಂಡು ಪ್ರತಿಯು ಮುಂದುವರಿಯತಕ್ಕದ್ದು. ನಿಂತುಹೋದರೆ ಒಪ್ಪಂದವು ಸರಿಯಾಗಿ ಆಗಿಲ್ಲವೆಂದು ಅರ್ಥ. ಎಳೆದುದನ್ನು ಮರಳಿ ಸಿಕ್ಕಿಸಿ, ಆ ಪೋರ್ಟು ಗುಂಪಿಗೆ ಮತ್ತೆ ಸೇರಿತೆಂಬುದನ್ನು ರೌಟರಿನ ಪುಟದಲ್ಲಿ ಕಂಡ ಬಳಿಕ, ಅದೇ ಪರೀಕ್ಷೆಯನ್ನು ಎರಡನೆಯ ಕೇಬಲಿಗೂ ನಡೆಸಬೇಕು. ಮೊದಲನೆಯದು ಹೋದಾಗ ಎರಡನೆಯದು ಹೊರೆ ಹೊತ್ತಿತೆಂದ ಮಾತ್ರಕ್ಕೆ, ಎರಡನೆಯದು ಹೋದಾಗ ಮೊದಲನೆಯದು ಹೊರುವುದೆಂದು ಸಿದ್ಧವಾಗುವುದಿಲ್ಲ.